ಕೂಸಿನ ಮನೆ ಪೇಟೆಗೆ ಯಾಕಿಲ್ಲ?

ಬ್ರೂಸ್‌ಪೇಟೆಯ ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಯುವ ಹೆಣ್ಣುಮಗಳೊಬ್ಬಳು ಎರಡು ವರ್ಷದ ಕೂಸನ್ನು ಮಿಷನ್ ಪಕ್ಕದಲ್ಲೇ ಬಟ್ಟೆ ಗಂಟಿನ ಮೇಲೆ ಮಲಗಿಸುತ್ತಾಳೆ. ‘ಅಂಗನವಾಡಿಗೆ ಬಿಡಬಾರದೇನಮ್ಮ?’ ಎಂದು ದೊಡ್ಡ ತಿಳಿದವಳಂತೆ ಕೇಳಿದೆ. ‘ಮೂರು ತುಂಬಬೇಕಂತಕ್ಕ. ತುಂಬಿದ ಮ್ಯಾಲೂ ನಾಕಕ್ಕ ಮನಿಗೆ ಕಳಿಸ್ತಾರ. ನನ್ ಕೆಲಸ ಮುಗಿಯೋದು ರಾತ್ರಿ ಎಂಟಕ್ಕ.’

2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಿಗೆ 4000 ‘ಕೂಸಿನ ಮನೆ’ ಘೋಷಿಸಿತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ, ಒಳ್ಳೆಯದೇ. ಆದರೆ ಪೇಟೆಯಲ್ಲಿ ದುಡಿಯುವವಳ ಕೂಸು ಕೂಸಲ್ಲವೇ? ಕಾನೂನು 50 ಜನ ದುಡಿಯುವ ಕಡೆ ಶಿಶುವಿಹಾರ ಇರಲೇಬೇಕು ಅನ್ನುತ್ತದೆ. ಅವಳ ಘಟಕದಲ್ಲಿರುವುದು ಹನ್ನೆರಡು ಮಿಷನ್.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಮಗಳ ನರ್ಸರಿಯ ಬೋಧನಾ ಶುಲ್ಕವನ್ನು 80ಸಿ ಅಡಿ ತೋರಿಸಿ, ಹಳೇ ಪದ್ಧತಿಯಲ್ಲಿ ಆದಾಯ ತೆರಿಗೆ ಉಳಿಸಿದವಳು ನಾನು. ಅದೂ ಸರ್ಕಾರದ ಸಹಾಯವೇ. ಅದನ್ನು ಯಾರೂ ಬಿಟ್ಟಿ ಅನ್ನಲಿಲ್ಲ! ಅವಳ ಗೃಹಲಕ್ಷ್ಮಿಯ 2000 ರೂಪಾಯಿಗೆ ಮಾತ್ರ ಆ ಹೆಸರು. ಆ ದುಡ್ಡಿಗೆ ದಿನವಿಡೀ ಕೂಸು ನೋಡಿಕೊಳ್ಳುವವರು ಈ ಊರಲ್ಲಿ ಯಾರಿದ್ದಾರೆ?

ವಾರ್ಡಿಗೊಂದು ಕೋಣೆ, ಇಬ್ಬರು ಆಯಾಗಳು, ರಾತ್ರಿ ಎಂಟರವರೆಗೆ ತೆರೆದ ಬಾಗಿಲು. ಪಾಲಿಕೆಯನ್ನು ಕೇಳುತ್ತಿರುವುದು ಇಷ್ಟೇ. ಮುಂದಿನ ಸಲ ಓಟು ಕೇಳಲು ನಮ್ಮ ಓಣಿಗೆ ಬಂದವರು ಮೊದಲು ಆ ಬಟ್ಟೆ ಗಂಟಿನ ಹತ್ತಿರ ನಿಂತು ಮಾತಾಡಲಿ.