ಭಂಗಾರದ ಕಲೆಗೆ ಗಡುವು ಇರಲಿ

ನಮ್ಮ ಬೀದರ್ ಕಡೆ ಗುಜರಿ ಸಾಮಾನಿಗೆ ‘ಭಂಗಾರ’ ಎನ್ನುತ್ತೇವೆ. ಈಗ ಈ ಭಂಗಾರಕ್ಕೂ ಬಂಗಾರದ ಕಾಲ ಬಂದಿದೆ. ಹಳೆ ಚೈನು, ಗೇರು, ಬೇರಿಂಗ್, ಟೈರುಗಳಿಂದ ಹಕ್ಕಿ, ಕುದುರೆ ಮಾಡಿ ಕಾಲೇಜು ಫೆಸ್ಟ್‌ಗಳಲ್ಲಿ, ಊರಿನ ಸರ್ಕಲ್‌ಗಳಲ್ಲಿ ನಿಲ್ಲಿಸುವುದು ಎಲ್ಲೆಡೆ ನಡೆದಿದೆ. ಸಂತೋಷವೇ. ನನ್ನ ತಕರಾರು ಒಂದೇ: ನಿಲ್ಲಿಸುವ ದಿನ ರಿಬ್ಬನ್ ಕತ್ತರಿಸಲು ಎಲ್ಲರೂ ಬರುತ್ತಾರೆ, ತೆಗೆಯುವ ದಿನ ಯಾವುದೆಂದು ಯಾರೂ ಹೇಳುವುದಿಲ್ಲ.

ಎರಡು ಮಳೆಗಾಲ ಕಳೆದರೆ ಕುದುರೆಗೆ ತುಕ್ಕು ಹಿಡಿಯುತ್ತದೆ, ತಂತಿ ಹೊರಚಾಚುತ್ತದೆ, ಟೈರಿನೊಳಗೆ ನೀರು ನಿಂತು ಸೊಳ್ಳೆ ಹುಟ್ಟುತ್ತದೆ. ‘ಕಸದಿಂದ ರಸ’ ಎಂದದ್ದು ಮತ್ತೆ ಕಸವೇ. ಭಂಗಾರದ ಅಂಗಡಿಗೆ ಹಾಕೋಣವೆಂದರೆ ಕಬ್ಬಿಣ, ಫೈಬರ್, ಸಿಮೆಂಟ್ ಬೇರೆಯಾಗದಂತೆ ಅಂಟಿಕೊಂಡಿರುತ್ತವೆ.

ಚಂಡೀಗಢದ ರಾಕ್ ಗಾರ್ಡನ್ ಉಳಿದಿಲ್ಲವೇ ಎಂದು ಕೇಳಬಹುದು. ನೇಕ್ ಚಂದ್ 1957ರಿಂದ ಒಡೆದ ಟೈಲ್ಸ್, ಬಳೆಚೂರು ಕೂಡಿಸಿ ಕಟ್ಟಿದ ಆ ತೋಟ 1976ರಲ್ಲಿ ಜನರಿಗೆ ತೆರೆಯಿತು. ದೆಹಲಿಯಲ್ಲಿ 2019ರಲ್ಲಿ ಗುಜರಿಯಿಂದಲೇ ಏಳು ಅದ್ಭುತಗಳ ಪಾರ್ಕ್ ಎದ್ದಿತು. ಆದರೆ ಅಲ್ಲಿ ಗೋಡೆಯಿದೆ, ಟಿಕೆಟ್ ಇದೆ, ನೋಡಿಕೊಳ್ಳುವ ಸಿಬ್ಬಂದಿ ಇದ್ದಾರೆ. ನಮ್ಮ ಸರ್ಕಲ್‌ಗೆ ಅದೇನೂ ಇಲ್ಲ. 2015ರಲ್ಲಿ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆ ಇಟ್ಟರು. ಅದು ಅಲ್ಲೇ ಉಳಿಯಬೇಕಾಗಿರಲಿಲ್ಲ. ಗುಂಡಿ ಮುಚ್ಚಿತು, ಮೊಸಳೆಯ ಕೆಲಸ ಮುಗಿಯಿತು.

‘ಬಿದರಿ ಕಲೆಯ ಊರಿನವರು ನಾವು, ನಾಲ್ಕು ದಿನದ ಕಲೆ ಯಾಕೆ?’ ಎನ್ನುವವರೂ ಇದ್ದಾರೆ. ಬಿದರಿ ತಲೆಮಾರುಗಟ್ಟಲೆ ಬಾಳಲೆಂದೇ ಮಾಡಿದ್ದು. ಆದರೆ ಇದೇ ನಾಡಿನಲ್ಲಿ ಹೋಳಿಗೆ ಓಣಿಯ ಹುಡುಗರು ಮನೆಮನೆಯಿಂದ ಮುರಿದ ಕಟ್ಟಿಗೆ, ಕುಳ್ಳು ಕೂಡಿಸಿ ಕಾಮಣ್ಣನನ್ನು ಸುಡುತ್ತಾರೆ. ಮೊಹರಂಗೆ ಬಿದಿರು, ಬಣ್ಣದ ಕಾಗದದಿಂದ ತಾಜಿಯಾ ಕಟ್ಟುತ್ತಾರೆ, ಗಣಪನನ್ನು ನೀರಿಗೆ ಬಿಡುತ್ತಾರೆ. ಕಟ್ಟುವುದನ್ನೂ ಕಳಿಸಿಕೊಡುವುದನ್ನೂ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಬಿಇ ಓದುತ್ತಿರುವವನಾಗಿ ನನ್ನ ಸಲಹೆ ಸರಳ. ವೆಲ್ಡಿಂಗ್ ಕಡಿಮೆ ಮಾಡಿ, ನಟ್-ಬೋಲ್ಟ್‌ನಿಂದ ಜೋಡಿಸೋಣ. ಸಡಿಲವಾಗದಂತೆ ಲಾಕ್ ನಟ್ ಹಾಕೋಣ, ಚೂಪು ಅಂಚುಗಳನ್ನು ಉಜ್ಜೋಣ. ವೆಲ್ಡ್ ಬಿಡಿಸಲು ಗ್ಯಾಸ್ ಕಟರ್ ಬೇಕು, ಬೋಲ್ಟ್ ಬಿಚ್ಚಲು ಪಾನಾ ಸಾಕು. ಬಿಚ್ಚಿದ್ದು ಒಂದು ಟೆಂಪೊದಲ್ಲಿ ಹಿಡಿಯುತ್ತದೆ. ಆಗ ಒಂದು ತಿಂಗಳು ಬೀದರ್‌ನಲ್ಲಿ ನಿಂತದ್ದು ಮುಂದಿನ ತಿಂಗಳು ಭಾಲ್ಕಿ ಬಸ್ ನಿಲ್ದಾಣದ ಬಳಿ, ಆಮೇಲೆ ಔರಾದ್‌ನಲ್ಲಿ ನಿಲ್ಲಬಹುದು. ಜಿಲ್ಲಾ ಕೇಂದ್ರದಲ್ಲಿ ನಡೆದದ್ದರ ಫೋಟೊ ಮಾತ್ರ ತಾಲ್ಲೂಕಿಗೆ ತಲುಪಿದರೆ ಸಾಲದು. ಔರಾದ್‌ನ ಶಾಲಾ ಮಗು ಆ ಗೇರನ್ನು ಕೈಯಿಂದ ತಿರುಗಿಸಿ ನೋಡಲಿ.

ಪಕ್ಕದ ಫಲಕದಲ್ಲಿ ಉದ್ಘಾಟಕರ ಹೆಸರಿಗಿಂತ ಮೊದಲು ಸಾಮಾನು ಆರಿಸಿಕೊಟ್ಟವರ, ಜೋಡಿಸಿದ ಫಿಟ್ಟರ್‌ನ ಹೆಸರಿರಲಿ, ಅವರಿಗೆ ಕೂಲಿಯೂ ಸಿಗಲಿ. ಕೊನೆಗೆ ಎಲ್ಲವೂ ತೂಕವಾಗಿ ಭಂಗಾರದ ಅಂಗಡಿಗೇ ಮರಳಲಿ. ಮುಂದಿನ ಸಲ ಆಮಂತ್ರಣ ಪತ್ರಿಕೆ ಅಚ್ಚಾಗುವಾಗ ಉದ್ಘಾಟನೆಯ ದಿನಾಂಕದ ಕೆಳಗೇ ಬಿಚ್ಚುವ ದಿನಾಂಕವೂ ಇರಲಿ.