ಎರಡು ದಿನದ ವಿಶ್ರಾಂತಿ

ಶುಕ್ರವಾರ ಇರುಳು ಬೆಂಗಳೂರನ್ನು ಬಿಟ್ಟ ಕಾರುಗಳು, ಬಂಡೀಪುರದ ಕಾಡುದಾರಿ ಬೆಳಗಿನ 6 ಗಂಟೆಗೆ ತೆರೆಯುವುದನ್ನೇ ಕಾದಿದ್ದು, ಸಾಲುಗಟ್ಟಿ ನೀಲಗಿರಿಯನ್ನೇರುತ್ತವೆ. ಶನಿವಾರ ಮಧ್ಯಾಹ್ನಕ್ಕೆ ಉದಕಮಂಡಲದ ಪೇಟೆಯಲ್ಲಿ ಕಾಲಿಡಲು ತೆರಪಿಲ್ಲ. ಭಾನುವಾರ ಅದೇ ಸಾಲು ಇಳಿಯುತ್ತದೆ. ನಗರದ ನಮ್ಮ ಬಂಧುಗಳು ಇದನ್ನು ವಿಶ್ರಾಂತಿಯೆಂದು ಕರೆಯುತ್ತಾರೆ. ಯಾರ ವಿಶ್ರಾಂತಿ? ಆ ಎರಡು ದಿನ ಹೋಟೆಲಿನಲ್ಲಿ ಪಾತ್ರೆ ಬೆಳಗುವವನದೆ? ಕೋಣೆ ಗುಡಿಸುವವಳದೆ? ರೋಗಿಯನ್ನು ಹಟ್ಟಿಯಿಂದ ಆಸ್ಪತ್ರೆಗೆ ತರುವ ಜೀಪು ಆ ಸಾಲಿನ ಹಿಂದೆ ನಿಂತಿರುವುದನ್ನು ನಾವು ಕಂಡಿದ್ದೇವೆ.

ಇದು ಬೆಟ್ಟದವರ ಬರಿಯ ಮುನಿಸಲ್ಲ. ಮದರಾಸಿನ ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2024ರ ಮೇ ತಿಂಗಳಿನಿಂದ ಇಲ್ಲಿಗೆ ಬರುವ ವಾಹನಗಳಿಗೆ ಇ-ಪಾಸು ಬೇಕಾಯಿತು. 2025ರ ಬೇಸಿಗೆಯಲ್ಲಿ ಅವುಗಳ ಸಂಖ್ಯೆಯನ್ನು ದಿನಕ್ಕೆ 6,000ಕ್ಕೂ, ವಾರದ ಕೊನೆಯಲ್ಲಿ 8,000ಕ್ಕೂ ಮಿತಿಗೊಳಿಸಲಾಯಿತು. ಎಂಟು ಸಾವಿರ! ಆ ಮಿತಿಯೂ ಸಾಲದೆಂದು ಗೊಣಗಿದವರಿದ್ದರು. ಬರುವವರಿಂದ ಬೆಟ್ಟಕ್ಕೆ ಅನ್ನವಿಲ್ಲವೆ ಎಂದು ಅವರು ಕೇಳುತ್ತಾರೆ. ಉಂಟು, ಅಲ್ಲಗಳೆಯೆವು. ಆದರೆ ಅನ್ನವಿಟ್ಟವನೆಂಬ ಕಾರಣಕ್ಕೆ ಅತಿಥಿಯು ಮನೆಯವರ ಮುಖವನ್ನೇ ನೋಡದಿರಬಹುದೆ?

ಈ ನೋಟ ಹೊಸತಲ್ಲ. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ನರು ಇಲ್ಲಿ ಕಲ್ಲಿನ ಮನೆ ಕಟ್ಟಿಸಿದರು, ಕೆರೆ ಮಾಡಿಸಿದರು. ಕೆಳಗಿನ ಸೆಕೆ ತಾಳದವರಿಗೆ ಬೆಟ್ಟವು ಆರೋಗ್ಯಧಾಮ, ಬೆಟ್ಟದವರು ಸೇವಕರು. ಪರಕೀಯರ ಈ ಕಣ್ಣನ್ನು ನಾವು ಕಡ ತಂದು ಇನ್ನೂ ಹಿಂದಿರುಗಿಸಿಲ್ಲ. ಕನ್ನಡಿಗರಲ್ಲಿ ಅನೇಕರಿಗೆ ನೀಲಗಿರಿಯೆಂದರೆ ಆಸ್ಟ್ರೇಲಿಯಾದಿಂದ ಬಂದ ಒಂದು ಮರ ಮಾತ್ರ!

ನಮಗೆ ಹೆಚ್ಚು ನೋವಾಗುವುದು ಇನ್ನೊಂದು ಕಡೆ. 2,637 ಮೀಟರು ಎತ್ತರದ ಶಿಖರದಲ್ಲಿ ನಿಂತು ಪಟ ತೆಗೆಸಿಕೊಳ್ಳುವ ಬೆಂಗಳೂರಿನ ತರುಣರು ಅದನ್ನು 'ಡೋಡಬೆಟ್ಟಾ' ಎನ್ನುತ್ತಾರೆ. ದೊಡ್ಡದಾದ ಬೆಟ್ಟ, ದೊಡ್ಡಬೆಟ್ಟ. ಒಂದನೆಯ ತರಗತಿಯ ಮಗುವಿಗೂ ತಿಳಿಯುವ ಮಾತು. ಪಕ್ಕದಲ್ಲಿ ಕ್ಯಾರೆಟ್ ಮಾರುವ ಬಡಗ ಮುದುಕಿಯೊಡನೆ ಅವರು ಚೌಕಾಸಿ ಮಾಡುವುದು ಹರಕು ಇಂಗ್ಲಿಷಿನಲ್ಲಿ. ಆಕೆಯ ನುಡಿ ಕನ್ನಡಕ್ಕೆ ಎಷ್ಟು ಹತ್ತಿರವೆಂಬುದನ್ನು ಕಿವಿಗೊಟ್ಟು ಕೇಳಿದ್ದರೆ ಅರಿಯುತ್ತಿದ್ದರು. (ಬಡಗ ನುಡಿಯನ್ನು ಕನ್ನಡದ ಹಿತ್ತಿಲೆಂದು ಸಾರಲು ನಾವು ಹೊರಟಿಲ್ಲ. ಅದು ತನ್ನದೇ ನುಡಿಯೆಂದು ಆ ಜನರು ಹೇಳುತ್ತಾರೆ. ಹೇಳುವ ಹಕ್ಕು ಅವರದು.)

ಆದ್ದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮ ಅರಿಕೆ. ಶಾಲೆಯ ಪ್ರವಾಸ ಹೊರಡುವ ಮುನ್ನ ಭೂಪಟ ಬಿಡಿಸಿ, ದೊಡ್ಡಬೆಟ್ಟ, ಕೋಟಗಿರಿ, ಮಸಿನಗುಡಿ ಎಂಬ ಹೆಸರುಗಳನ್ನು ಮಕ್ಕಳಿಂದ ಓದಿಸಿರಿ. ತೋದ, ಕೋತ, ಕುರುಂಬ, ಇರುಳ, ಬಡಗ ಜನರು ಇಲ್ಲಿ ಬಾಳುತ್ತಿದ್ದಾರೆಂದು ತಿಳಿಸಿರಿ. ಶನಿವಾರವನ್ನು ಬಿಟ್ಟು ಬುಧವಾರ ಬನ್ನಿರಿ; ಸರ್ಕಾರಿ ಬಸ್ಸಿನಲ್ಲೇ ಬನ್ನಿರಿ. ಮೈಸೂರಿನಿಂದ ಹೊರಡುವ ಬಸ್ಸುಗಳ ವೇಳೆಯನ್ನು ಕೇಳಿದವರಿಗೆ ಬರೆದು ತಿಳಿಸಲು ನಾವು ಸಿದ್ಧರಿದ್ದೇವೆ.