ಸೈನ್‌ಗೆ ಹೆದರಬೇಡಿ, ಅದು ಬಿಲ್ಲಿನ ಹೆದೆ!



ಉದ್ಯೋಗ ಕೇಳಿ ಬೀದಿಗಿಳಿಯುವುದು ನಮಗೆ ಗೊತ್ತು. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಿತು. ಅಂದಿನಿಂದ ಅದರ ಜಾರಿಗಾಗಿ ಕೂಗಿ ಕೂಗಿ ಗಂಟಲು ಕಟ್ಟಿದೆ. ಕೂಗಲೇಬೇಕು, ಕೂಗುತ್ತಲೇ ಇರುತ್ತೇವೆ. ಆದರೆ ಇವತ್ತು ಒಂದು ಕಟುವಾದ ಪ್ರಶ್ನೆ ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಬೀದಿಯ ಕನ್ನಡ ಮಾಧ್ಯಮದ ಹುಡುಗ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದು, ಪಿಯುಸಿ ವಿಜ್ಞಾನಕ್ಕೆ ಸೇರಿ, ಮೂರೇ ತಿಂಗಳಲ್ಲಿ ಪುಸ್ತಕ ಮಡಚಿಟ್ಟು ಹೊರಬಂದನಲ್ಲ, ಆಗ ನಾವೆಲ್ಲಿದ್ದೆವು?

ಅವನಿಗೆ ಆದದ್ದಿಷ್ಟು. ಉಪನ್ಯಾಸಕರು ಕರಿಹಲಗೆಯ ಮೇಲೆ ತ್ರಿಭುಜ ಬರೆದು ‘ಆಪೋಸಿಟ್ ಬೈ ಹೈಪಾಟನ್ಯೂಸ್’ ಎಂದರು. ಹಿಂದಿನ ವರ್ಷವಷ್ಟೇ ಅದನ್ನು ‘ಅಭಿಮುಖ ಬಾಹು, ವಿಕರ್ಣ’ ಎಂದು ಕಲಿತಿದ್ದ. ಗೊತ್ತಿದ್ದ ಲೆಕ್ಕವೇ ಗುರುತು ಸಿಗದ ವೇಷದಲ್ಲಿ ಬಂದು ಎದುರು ನಿಂತಿತು. ಪಕ್ಕದ ಕಾನ್ವೆಂಟ್ ಹುಡುಗ ತಲೆಯಾಡಿಸಿದ. ಇವನು ತನಗೆ ತಲೆಯೇ ಇಲ್ಲ ಎಂದುಕೊಂಡ! ಹೀಗೆ ಪ್ರತಿವರ್ಷ ಒಬ್ಬೊಬ್ಬರಾಗಿ ಹೊರಬಿದ್ದವರು ನಾಳೆ ಕಾರ್ಖಾನೆಯ ಗೇಟಿನ ಹೊರಗೆ ನಿಲ್ಲುತ್ತಾರೆ. ಆಗ ನಾವು ಬಾವುಟ ಹಿಡಿದು ಹೋಗುತ್ತೇವೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಈ ತ್ರಿಕೋನಮಿತಿ ಅಷ್ಟೊಂದು ಬ್ರಹ್ಮವಿದ್ಯೆಯೇ? ನೋಡೇ ಬಿಡೋಣ, ಕನ್ನಡದಲ್ಲೇ ನೋಡೋಣ.

ಗೋಡೆಗೆ ಒಂದು ಏಣಿ ಒರಗಿಸಿ. ಗೋಡೆ, ನೆಲ, ಏಣಿ ಮೂರೂ ಸೇರಿ ಲಂಬಕೋನ ತ್ರಿಭುಜವಾಯಿತು. ಎಲ್ಲಕ್ಕಿಂತ ಉದ್ದವಾದ ಏಣಿಯೇ ವಿಕರ್ಣ. ಏಣಿ ನೆಲಕ್ಕೆ ತಾಗುವ ಮೂಲೆಯಲ್ಲಿ ನಿಂತು ನೋಡಿ. ಎದುರಿಗಿರುವ ಗೋಡೆ ಎದುರು ಬದಿ, ಕಾಲಡಿಯ ನೆಲ ಪಕ್ಕದ ಬದಿ. (ಪಠ್ಯಪುಸ್ತಕದ ಪಂಡಿತರು ಇವನ್ನು ಅಭಿಮುಖ ಬಾಹು, ಪಾರ್ಶ್ವ ಬಾಹು ಎಂದರು. ಎದುರು, ಪಕ್ಕ ಎಂದಿದ್ದರೆ ಮೈಲಿಗೆಯಾಗುತ್ತಿತ್ತೇ?) ಗೋಡೆಯ ಎತ್ತರವನ್ನು ಏಣಿಯ ಉದ್ದದಿಂದ ಭಾಗಿಸಿದರೆ ಸೈನ್. ನೆಲದ ದೂರವನ್ನು ಏಣಿಯ ಉದ್ದದಿಂದ ಭಾಗಿಸಿದರೆ ಕೊಸೈನ್. ಎತ್ತರವನ್ನು ನೆಲದ ದೂರದಿಂದ ಭಾಗಿಸಿದರೆ ಟ್ಯಾನ್. ಮುಗಿಯಿತು!

ಇದರ ಗುಟ್ಟು ಇರುವುದು ಇಲ್ಲಿ. ಏಣಿ ಹತ್ತು ಅಡಿಯದಾಗಲಿ, ನೂರು ಅಡಿಯದಾಗಲಿ, ನೆಲದೊಂದಿಗೆ ಅದರ ಕೋನ ಒಂದೇ ಆಗಿದ್ದರೆ ಭಾಗಿಸಿ ಬರುವ ಸಂಖ್ಯೆಯೂ ಒಂದೇ. 30 ಡಿಗ್ರಿಗೆ ಸೈನ್ ಯಾವತ್ತೂ ಅರ್ಧ. ಆ ಕೋನದಲ್ಲಿ ಹತ್ತಡಿ ಏಣಿ ಐದಡಿ ಎತ್ತರ ಮುಟ್ಟುತ್ತದೆ, ನೂರಡಿ ಏಣಿ ಐವತ್ತಡಿ ಮುಟ್ಟುತ್ತದೆ. ಕೈಯಲ್ಲಿರುವ ಸಣ್ಣ ತ್ರಿಭುಜ ಕೈಗೆಟುಕದ ದೊಡ್ಡ ತ್ರಿಭುಜದ ಅಳತೆ ಹೇಳುತ್ತದೆ. ಇದೊಂದು ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ಅಭ್ಯಾಸ. ಇದು ತಿಳಿಯದೆ ಸೂತ್ರ ಉರು ಹೊಡೆದವನು ಇಂಗ್ಲಿಷಿನಲ್ಲಿ ಓದಿದರೂ ಗಿಣಿಯೇ, ಕನ್ನಡದಲ್ಲಿ ಓದಿದರೂ ಗಿಣಿಯೇ.

ನಿಮ್ಮ ಬೀದಿಯ ರಾಜ್ಯೋತ್ಸವದ ಬಾವುಟದ ಕಂಬದಲ್ಲೇ ಪರೀಕ್ಷಿಸಿ. ಜಾಮಿಟ್ರಿ ಬಾಕ್ಸಿನ ಕೋನಮಾಪಕ ತೆಗೆದುಕೊಳ್ಳಿ. ಅದರ ನೇರ ಅಂಚಿನ ನಡುಬಿಂದುವಿಗೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲು ಕಟ್ಟಿ. ಕೋನಮಾಪಕವನ್ನು ತಲೆಕೆಳಗಾಗಿ ಹಿಡಿದು, ನೇರ ಅಂಚಿನ ಗುಂಟ ಕಂಬದ ತುದಿ ನೋಡಿ. ದಾರ 90ರಿಂದ ಎಷ್ಟು ಡಿಗ್ರಿ ಸರಿದಿದೆಯೋ ಅದೇ ಉನ್ನತ ಕೋನ. ನೀವು ಕಂಬದಿಂದ 20 ಮೀಟರ್ ದೂರದಲ್ಲಿದ್ದೀರಿ, ಕೋನ 30 ಡಿಗ್ರಿ ಬಂತು ಎನ್ನಿ. ಟ್ಯಾನ್ 30 ಅಂದರೆ ಸುಮಾರು 0.577. ಇಪ್ಪತ್ತರಿಂದ ಗುಣಿಸಿದರೆ ಸುಮಾರು ಹನ್ನೊಂದೂವರೆ ಮೀಟರ್. ನಿಮ್ಮ ಕಣ್ಣಿನ ಎತ್ತರ ಒಂದೂವರೆ ಮೀಟರ್ ಸೇರಿಸಿ, ಒಟ್ಟು 13. ಕಂಬ ಹತ್ತದೆ ಕಂಬದ ಎತ್ತರ ಸಿಕ್ಕಿತು!

‘ಇದೆಲ್ಲ ಇಂಗ್ಲಿಷಿನ ವಿದ್ಯೆ, ಕನ್ನಡದಲ್ಲಿ ಹೇಗಾದೀತು’ ಎನ್ನುವ ಮಹಾನುಭಾವರು ಇದ್ದಾರೆ. ಅವರು ಸೈನ್ ಎಂಬ ಪದದ ಜಾತಕ ಕೇಳಲಿ. ಗ್ರೀಕರು ವೃತ್ತದೊಳಗಿನ ಇಡೀ ಹೆದೆಯನ್ನು ಅಳೆದರು. ನಮ್ಮವರು ಅರ್ಧ ಹೆದೆ ಹಿಡಿದರು, ಲೆಕ್ಕ ಹಗುರವಾಯಿತು. 499ರಲ್ಲಿ ಆರ್ಯಭಟ ಅರ್ಧ ಹೆದೆಗಳನ್ನು 24 ಹಂತಗಳಲ್ಲಿ ಲೆಕ್ಕ ಹಾಕಲು ದಾರಿ ಕೊಟ್ಟ. ಹೆದೆಗೆ ಸಂಸ್ಕೃತದಲ್ಲಿ ಜ್ಯಾ, ಜೀವಾ ಎನ್ನುತ್ತಾರೆ. ಅದನ್ನು ಅರಬ್ಬರು ‘ಜೀಬ’ ಎಂದು ಬರೆದುಕೊಂಡರು. ಅವರ ಬರಹದಲ್ಲಿ ಸ್ವರ ಕಾಣಿಸದ್ದರಿಂದ ಮುಂದಿನವರು ‘ಜೈಬ್’ ಎಂದು ಓದಿದರು. ಜೈಬ್ ಅಂದರೆ ಬಟ್ಟೆಯ ಮಡಿಕೆ, ಎದೆಯ ಭಾಗ. ನಿಮ್ಮ ಅಂಗಿಯ ಜೇಬು ಕೂಡ ಅದೇ ಪದದಿಂದ ಬಂದದ್ದು! 12ನೇ ಶತಮಾನದಲ್ಲಿ ಯೂರೋಪಿನವರು ಅದನ್ನು ಲ್ಯಾಟಿನ್ನಿಗೆ ‘ಸೈನಸ್’ ಎಂದು ಅನುವಾದಿಸಿದರು. ಅದೇ ಇಂದಿನ ಸೈನ್. ನಾಲ್ಕು ಭಾಷೆ ದಾಟಿ ಬಂದರೂ ಕೆಡದ ವಿದ್ಯೆ ಕನ್ನಡಕ್ಕೆ ಬಂದರೆ ಕೆಡುತ್ತದೆಯೇ?

ಬಂದೂ ಆಗಿದೆ. ರಾಜಾದಿತ್ಯ 12ನೇ ಶತಮಾನದಲ್ಲೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರತಂದರು. ನಮ್ಮ ಭಾಷೆಗೆ ಬಡತನವಿಲ್ಲ, ನಮ್ಮ ಅಭಿಮಾನಕ್ಕೆ ಬಡತನ.

ಲೆಕ್ಕ ಬಲ್ಲವನ ಬಲ ಏನೆಂಬುದಕ್ಕೆ ನಮ್ಮ ನೆಲವೇ ಸಾಕ್ಷಿ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಎಳೆದು ಒಂದು ಉದ್ದನೆಯ ಗೆರೆ ಅಳೆದ. ಒಂದೇ ಗೆರೆಯನ್ನು ಅಳೆಯುವುದು, ಉಳಿದ ದೂರಗಳನ್ನೆಲ್ಲ ಕೋನ ನೋಡಿ ಲೆಕ್ಕ ಹಾಕುವುದು, ಇದು ಅವರ ಕ್ರಮ. ಹಾಗೆ ತ್ರಿಭುಜದ ಮೇಲೆ ತ್ರಿಭುಜ ಹೆಣೆಯುತ್ತಾ ಇಡೀ ದೇಶದ ನಕ್ಷೆ ಅವರ ಮೇಜಿಗೆ ಬಂತು. ಅಳೆಯಬಲ್ಲವನು ಆಳಿದ! ಆದರೆ ಅದೇ ಸರ್ವೆಯಲ್ಲಿ ಎವರೆಸ್ಟ್ ಶಿಖರದ ಎತ್ತರ ಲೆಕ್ಕ ಹಾಕಿದವರು ಬಂಗಾಳದ ರಾಧಾನಾಥ ಸಿಕ್ದಾರ್. ಕಲಿತ ಕೈಗೆ ಯಾವ ದೊರೆಯೂ ಬೇಲಿ ಹಾಕಲಾರ.

ಆದ್ದರಿಂದ ಸರ್ಕಾರಕ್ಕೆ ನಮ್ಮ ಹಕ್ಕೊತ್ತಾಯ ಸ್ಪಷ್ಟ. ಪಿಯುಸಿ ಸೇರುವ ಪ್ರತಿ ಕನ್ನಡ ಮಾಧ್ಯಮದ ಮಗುವಿಗೆ ಮೊದಲ ತಿಂಗಳು ಎರಡೂ ಭಾಷೆಯ ಪದಗಳನ್ನು ಜೋಡಿಸಿ ಕಲಿಸುವ ತರಗತಿ ನಡೆಯಲಿ. ಉಪನ್ಯಾಸಕರು ಕನ್ನಡದಲ್ಲಿ ವಿವರಿಸುವುದು ಅವಮಾನ ಎನಿಸದಿರಲಿ. ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಸಲು ಎಐಸಿಟಿಇ 2021ರಲ್ಲೇ ದಾರಿ ಬಿಟ್ಟಿದೆ. ಪಿಯುಸಿ ಎಂಬ ನಡುಮೆಟ್ಟಿಲು ಮುರಿದಿರುವಾಗ ಆ ಬಾಗಿಲಿಗೆ ಹತ್ತುವವರು ಯಾರು?

ಸರ್ಕಾರ ಮಾಡಿದಾಗ ಮಾಡಲಿ, ನೀವು ಕಾಯಬೇಡಿ. ನಗರದಲ್ಲಿ ಓದಿ ಎರಡೂ ಭಾಷೆ ಬಲ್ಲ ನೀವೇ ಆ ಸೇತುವೆ. ಪ್ರತಿ ಬಡಾವಣೆಯ ಕನ್ನಡ ಸಂಘದ ಕೋಣೆ ಭಾನುವಾರ ಬೆಳಿಗ್ಗೆ ಎರಡು ಗಂಟೆ ತೆರೆದಿರಲಿ. ಹತ್ತು ಮಕ್ಕಳನ್ನು ಕೂರಿಸಿ. ಒಂದು ಏಣಿ, ಒಂದು ದಾರ, ಒಂದು ಕಲ್ಲು ಸಾಕು. ಮೊದಲು ಕನ್ನಡದಲ್ಲಿ ಅರ್ಥ ಮಾಡಿಸಿ, ಆಮೇಲೆ ಇಂಗ್ಲಿಷ್ ಹೆಸರು ಹೇಳಿಕೊಡಿ. ಅರ್ಥವಾದ ಮೇಲೆ ಹೆಸರು ಕಲಿಯಲು ಒಂದು ವಾರ ಹೆಚ್ಚಾಯಿತು.

ನವೆಂಬರ್ ತಿಂಗಳಲ್ಲಿ ಬಾವುಟ ಏರಿಸುವವರು ಸಾವಿರಾರು ಮಂದಿ. ಆ ಕಂಬದ ಎತ್ತರ ಲೆಕ್ಕ ಹಾಕಬಲ್ಲ ಮಕ್ಕಳೂ ಸಾವಿರಾರು ಮಂದಿ ಆಗಲಿ. ಲೆಕ್ಕ ಬಲ್ಲ ಕನ್ನಡಿಗನನ್ನು ಲೆಕ್ಕಕ್ಕಿಲ್ಲದವನಂತೆ ನೋಡುವ ಧೈರ್ಯ ಯಾರಿಗೂ ಬಾರದು. ಏಳಿ, ಇದೇ ಭಾನುವಾರದಿಂದ ಶುರುವಾಗಲಿ!